ಗ್ಲುಖೋಯ್ ಎಣಿಕೆ

ಕಾರಾ ಸಮುದ್ರದ ದಡದುದ್ದಕ್ಕೂ, ಹವಾಮಾನ ನಿಲ್ದಾಣಗಳಿರುವಲ್ಲೆಲ್ಲ, ಇದ್ದದ್ದನ್ನು ಹಿಗ್ಗಿಸಿ ಹೇಳುವವನ ಬಾಯನ್ನು ಇವತ್ತಿಗೂ ಒಂದೇ ಮಾತಿನಿಂದ ಮುಚ್ಚಿಸುತ್ತಾರೆ: "ಸಾಕು ಮಾರಾಯ, ಗ್ಲುಖೋಯ್ ಎಣಿಕೆ ಎಣಿಸ್ಬೇಡ." ಹಿಡಿದ ಮೀನು ಮಾರುದ್ದ ಇತ್ತೆಂದರೂ ಇದೇ ಮಾತು, ಕರಡಿ ಬಾಗಿಲು ತಟ್ಟಿತೆಂದರೂ ಇದೇ ಮಾತು. ಹೇಳಿದವರು ನಗುತ್ತಾರೆ, ಹೇಳಿಸಿಕೊಂಡವರೂ ನಗುತ್ತಾರೆ. ಮಾತು ಹುಟ್ಟಿದ ದ್ವೀಪದಲ್ಲಿ ಮಾತ್ರ ಯಾರೂ ಅದನ್ನು ಆಡುವುದಿಲ್ಲ.

ಅದರ ಹಿಂದಿನ ಕಥೆಯನ್ನು ಒಂದೊಂದು ನಿಲ್ದಾಣದಲ್ಲಿ ಒಂದೊಂದು ಬಗೆಯಾಗಿ ಹೇಳುತ್ತಾರೆ. ಪೂರ್ವದ ಕಡೆಯವರು ಈರುಳ್ಳಿಯ ಬದಲು ನಿಂಬೆಹಣ್ಣು ಎನ್ನುತ್ತಾರೆ. ಪಶ್ಚಿಮದ ಕಡೆಯವರು ನಾಯಿಯನ್ನು ಬಿಟ್ಟೇಬಿಡುತ್ತಾರೆ. ಬಲೂನು ಕೆಂಪಗಿತ್ತು ಎಂಬುದರಲ್ಲಿ ಮಾತ್ರ ಭೇದವಿಲ್ಲ.

ಆ ವರ್ಷ ಗ್ಲುಖೋಯ್ ದ್ವೀಪದಲ್ಲಿ ನಾಲ್ಕು ಜನರಿದ್ದರು. ನಿಲ್ದಾಣದ ಮುಖ್ಯಸ್ಥ ನಿಕಾನೋರ್ ಸಾವಿಚ್‌ಗೆ ಅರವತ್ತರ ಹತ್ತಿರ ವಯಸ್ಸು. ರೇಡಿಯೋ ಕೂಡ ಅವನ ಕೈಯಲ್ಲೇ ಇತ್ತು. ಡೀಸೆಲ್ ಯಂತ್ರ, ಒಲೆ, ಸ್ನಾನದ ಮನೆ ಎಲ್ಲ ಪ್ರೊಖೋರ್‌ನದು. ಹವೆಯನ್ನು ನೋಡಿ ಬರೆಯುವ ಕೆಲಸ ರೊದಿಯೋನ್ ಲುಕಿಚ್ ಮತ್ತು ಅವನ ಹೆಂಡತಿ ತೈಸಿಯಾಳದು. ಮೂರು ಗಂಟೆಗೊಮ್ಮೆ ಅವರ 'ಹೊತ್ತು' ಬರುತ್ತಿತ್ತು. ಹೊತ್ತು ಬಂತೆಂದರೆ ಉಣ್ಣುತ್ತಿದ್ದರೂ ಎದ್ದು ಹೋಗಬೇಕು. ಥರ್ಮಾಮೀಟರು, ಗಾಳಿ, ಮೋಡ, ಸಮುದ್ರದ ಮೇಲಿನ ಮಂಜುಗಡ್ಡೆ, ಎಲ್ಲವನ್ನೂ ಸ್ವಂತ ಕಣ್ಣಿನಿಂದ ನೋಡಿ ಪುಸ್ತಕದಲ್ಲಿ ಬರೆಯಬೇಕು.

ಮೋಡದ ಎತ್ತರ ಅಳೆಯುವುದಕ್ಕೆ ಅವರ ಬಳಿ ಇದ್ದದ್ದು ರಬ್ಬರಿನ ಕೆಂಪು ಬಲೂನು. ಜಲಜನಕ ತುಂಬಿ ಬಿಟ್ಟರೆ ಅದು ಸೆಕೆಂಡಿಗೆ ಎರಡೂವರೆ ಮೀಟರಿನಂತೆ ಮೇಲೇರುತ್ತದೆ. ಒಬ್ಬರು ರೆಪ್ಪೆ ಬಡಿಯದೆ ನೋಡಬೇಕು. ಇನ್ನೊಬ್ಬರು ಗಡಿಯಾರ ಹಿಡಿದು ಎಣಿಸಬೇಕು. ಬಲೂನು ಮೋಡದೊಳಗೆ ಕರಗಿದ ಕ್ಷಣ ನೋಡುವವರು "ಹೋಯ್ತು" ಎನ್ನುತ್ತಾರೆ. ಎಣಿಸುವವರು ಅಲ್ಲಿಗೇ ನಿಲ್ಲುತ್ತಾರೆ. ಗಡಿಯಾರವಿದ್ದ ಮೇಲೆ ಗಟ್ಟಿಯಾಗಿ ಎಣಿಸುವ ಅಗತ್ಯವೇನೂ ಇರಲಿಲ್ಲ. ಆದರೆ ಚಳಿಗೆ ಗಡಿಯಾರಗಳು ನಿಂತುಹೋಗುತ್ತಿದ್ದ ಕಾಲದಿಂದ ಬಂದ ರೂಢಿ ಅದು, ಯಾರೂ ಬಿಟ್ಟಿರಲಿಲ್ಲ. ತೈಸಿಯಾಳ ಕಣ್ಣು ಚುರುಕು, ರೊದಿಯೋನ್‌ನ ದನಿ ದೊಡ್ಡದು. ಏಳು ವರ್ಷಗಳಿಂದ ಅವಳು ನೋಡುತ್ತಿದ್ದಳು, ಅವನು ಎಣಿಸುತ್ತಿದ್ದ. ಅರವತ್ತರವರೆಗೆ ಬಲೂನು ಕಾಣಿಸಿದರೆ ಮೋಡ ನೂರೈವತ್ತು ಮೀಟರ್ ಮೇಲಿದೆ ಎಂದರ್ಥ, ದೊಡ್ಡ ನೆಲದಿಂದ, ಎಂದರೆ ಸಮುದ್ರದಾಚೆಯ ದಡದಿಂದ, ವಿಮಾನ ಬರುತ್ತದೆ. ಅರವತ್ತರೊಳಗೇ ಕರಗಿದರೆ ಬರುವುದಿಲ್ಲ.

ಇನ್ನು, ಆ ವರ್ಷದ ಮೇ ತಿಂಗಳಲ್ಲಿ ನಡೆದದ್ದನ್ನು ಹೇಳದೆ ಆಗಸ್ಟ್ ತಿಂಗಳದನ್ನು ಹೇಳುವಂತಿಲ್ಲ.

ಚಳಿಗಾಲದಲ್ಲಿ ಉಗ್ರಾಣದ ಈರುಳ್ಳಿ, ಆಲೂಗೆಡ್ಡೆಗಳೆಲ್ಲ ಹೆಪ್ಪುಗಟ್ಟಿ ಕೊಳೆತುಹೋಗಿದ್ದವು. ಹಸಿ ತರಕಾರಿಯಿಲ್ಲದೆ ಏಪ್ರಿಲ್ ಹೊತ್ತಿಗೆ ತೈಸಿಯಾಳ ಒಸಡಿನಿಂದ ರಕ್ತ ಸೋರತೊಡಗಿತು; ಒಂದು ಹಲ್ಲು ನಾಲಿಗೆ ತಾಕಿದರೂ ಅಲ್ಲಾಡುತ್ತಿತ್ತು. ಮೇ ತಿಂಗಳಲ್ಲಿ ಟಪಾಲನ್ನೂ ಈರುಳ್ಳಿಯನ್ನೂ ಹೊತ್ತ ಎರಡು ರೆಕ್ಕೆಯ ಸಣ್ಣ ವಿಮಾನ ಆಚೆ ದಡದ ನೆಲೆಯಲ್ಲಿ ಹನ್ನೆರಡು ದಿನ ಕಾದು ನಿಂತಿತ್ತು. ಗ್ಲುಖೋಯ್ ಮೇಲಿನ ಮೋಡ ಏಳಲೇ ಇಲ್ಲ. ಹದಿಮೂರನೆಯ ದಿನ ಬಲೂನು ಬಿಟ್ಟಾಗ ಮೂವತ್ತೆಂಟಕ್ಕೆ ತೈಸಿಯಾ "ಹೋಯ್ತು" ಎಂದಳು.

ರೊದಿಯೋನ್ ಅವಳ ಕಡೆ ತಿರುಗಿದ. ಅವಳ ಕೆಳತುಟಿಯ ಅಂಚಿನಲ್ಲಿ ರಕ್ತ ಒಣಗಿ ಕರ್ರಗಾಗಿತ್ತು.

"ಮೂವತ್ತೊಂಬತ್ತು," ಎಂದ. "ನಲವತ್ತು."

"ಹೋಯ್ತು ಅಂದ್ನಲ್ಲ, ರೋದ್ಯಾ."

"ನಲವತ್ತೊಂದು."

ಹಾಗೆ ಎಣಿಸುತ್ತ ಎಣಿಸುತ್ತ ಅರವತ್ತೆರಡಕ್ಕೆ ನಿಲ್ಲಿಸಿದ. "ಬರ್ಕೋ," ಎಂದ. ಅವಳು ಪೆನ್ಸಿಲನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡು ಬರೆದುಕೊಂಡಳು.

ಆ ಮಾತನ್ನು ನಂಬಿ ವಿಮಾನ ಬಂತು. ಮೋಡದಿಂದ ಹೊರಬಿದ್ದಾಗ ಅದರ ಮುಂದೆಯೇ ನಿಲ್ದಾಣದ ಆಂಟೆನಾ ಕಂಬವಿತ್ತು. ಕಂಬದ ತಂತಿಗೆ ಚಕ್ರದ ಬದಲು ಕಟ್ಟಿದ್ದ ಎಡಗಡೆಯ ಹಿಮದ ಹಲಗೆ ಸಿಕ್ಕಿ ಮುರಿಯಿತು. ವಿಮಾನ ಒಂಟಿ ಹಲಗೆಯ ಮೇಲೆ ಇಳಿದು ಸುತ್ತು ತಿರುಗಿ ನಿಂತಿತು. ಎರಡನೇ ಚಾಲಕ ಇನ್ನೂ ಗಡ್ಡ ಸರಿಯಾಗಿ ಬಾರದ ಹುಡುಗ; ಅವನ ಬಲಗೈ ಎರಡು ಕಡೆ ಮುರಿದಿತ್ತು. ಹಿರಿಯ ಚಾಲಕ ಸೆವೆರ್ಯಾನ್ ಅವ್ದೆಯೆವ್ ಮೊದಲು ಹುಡುಗನನ್ನು ಒಳಗೆ ಮಲಗಿಸಿದ. ಆಮೇಲೆ ಹೊರಗೆ ಹೋಗಿ ಈರುಳ್ಳಿಯ ಮೂಟೆಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದು ರೊದಿಯೋನ್‌ನ ಕಾಲ ಬಳಿ ಇಳಿಸಿದ.

"ತಗೊಳ್ಳಿ, ರೊದಿಯೋನ್ ಲುಕಿಚ್. ಒಂದೊಂದೇ ಎಣಿಸ್ಕೊಳ್ಳಿ. ನಿಮಗೆ ಎಣಿಕೆ ಚೆನ್ನಾಗಿ ಬರುತ್ತೆ."

ಅವನು ಯಾರ ಮೇಲೂ ದೂರು ಬರೆಯಲಿಲ್ಲ. ಆದರೆ ನೆಲೆಯಲ್ಲಿ ಅಂದಿನಿಂದ ಒಂದು ಕಟ್ಟಳೆಯಾಯಿತು: ಗ್ಲುಖೋಯ್‌ನವರ ಒಂದು ಬಲೂನಿನ ಮಾತು ಸಾಲದು, ಒಂದು ಗಂಟೆಯ ಅಂತರದಲ್ಲಿ ಎರಡು ಬಲೂನುಗಳು ಒಂದೇ ಮಾತು ಹೇಳಿದರೆ ಮಾತ್ರ ವಿಮಾನ ಏಳತಕ್ಕದ್ದು. ತೈಸಿಯಾ ದಿನಕ್ಕೊಂದರಂತೆ ಈರುಳ್ಳಿಯನ್ನು ಹಸಿಯಾಗಿ ತಿಂದಳು, ಒಸಡು ಗಟ್ಟಿಯಾಯಿತು. ರೊದಿಯೋನ್ ಒಂದು ಎಸಳನ್ನೂ ಮುಟ್ಟಲಿಲ್ಲ.

ಆಗಸ್ಟ್ ತಿಂಗಳ ಎರಡನೆಯ ವಾರ, ಮಂಗಳವಾರ ಬೆಳಿಗ್ಗೆ, ರೊದಿಯೋನ್ ತಟ್ಟೆಯನ್ನು ದೂರ ಸರಿಸಿ ಹೊಟ್ಟೆ ಹಿಡಿದುಕೊಂಡ. ಅಂದಿನ ಅಡುಗೆ ಬಂಡೆಹಕ್ಕಿಯ ಮೊಟ್ಟೆಗಳದು.

"ನೋಡು ತಾಸ್ಯಾ," ಎಂದ ಪ್ರೊಖೋರ್, "ನಿನ್ನ ಗಂಡನ ಹೊಟ್ಟೇಲಿ ನನ್ನ ಮೊಟ್ಟೆ ಮರಿ ಮಾಡ್ತಾ ಇದೆ. ಹಾರಿ ಹೋಗ್ದಿರೋ ಹಾಗೆ ಬಾಯಿ ಮುಚ್ಕೊಂಡಿರು ಅಂತ ಹೇಳು."

"ನೀನು ಬೇಯಿಸಿದ್ದು ಯಾವ ಕಾಲದ ಮೊಟ್ಟೆಯೋ," ಎಂದ ರೊದಿಯೋನ್. ನಗಲು ಹೋಗಿ ಹಲ್ಲು ಕಚ್ಚಿದ.

ಸಂಜೆಯ ಹೊತ್ತಿಗೆ ನೋವು ಹೊಕ್ಕುಳಿಂದ ಕೆಳಗೆ ಬಲಗಡೆಗೆ ಇಳಿದು ಅಲ್ಲೇ ಕೂತಿತು. ನಿಕಾನೋರ್ ಸಾವಿಚ್ ರೇಡಿಯೋದಲ್ಲಿ ದೊಡ್ಡ ನೆಲದ ವೈದ್ಯೆಯನ್ನು ಹಿಡಿದ. ಅವಳು ಕೇಳಿದ್ದನ್ನು ಅವನು ಕೂಗಿ ಹೇಳುತ್ತಿದ್ದ, ತೈಸಿಯಾ ಗಂಡನ ಹೊಟ್ಟೆಯನ್ನು ಒತ್ತಿ ನೋಡಿ ಕೂಗಿ ಉತ್ತರ ಕೊಡುತ್ತಿದ್ದಳು. ಒತ್ತಿದಾಗ ನೋವೋ, ಕೈ ತೆಗೆದಾಗ ನೋವೋ? ಕೈ ತೆಗೆದಾಗ.

"ಕರುಳಿನ ಬಾಲ ಕೆಟ್ಟಿದೆ ಅಂತಾಳೆ, ಮಗಳೇ," ಎಂದ ಮುದುಕ, ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು. "ಪೆನ್ಸಿಲಿನ್ ಚುಚ್ಚಬೇಕು, ಹೊಟ್ಟೆ ಮೇಲೆ ತಣ್ಣನೆ ಚೀಲ ಇಡಬೇಕು, ಬಾಯಿಗೆ ಏನೂ ಹಾಕ್ಬಾರ್ದು. ಅಷ್ಟೇ ನಮ್ಮ ಕೈಲಿರೋದು. ಉಳಿದಿದ್ದು ಅವಳ ಮೇಜಿನ ಮೇಲೇ ಆಗ್ಬೇಕು."

"ವಿಮಾನ?"

"ರೆಡಿ ಇದೆ. ಅವ್ದೆಯೆವ್‌ನೇ ಬರ್ತಾನಂತೆ. ನಿನ್ನ ಮೋಡ ಏನನ್ನುತ್ತೆ?"

ಅವಳ ಮೋಡ ಅಂಗಳಕ್ಕೇ ಇಳಿದಿತ್ತು. ಆಗಸ್ಟ್‌ನಲ್ಲಿ ಗ್ಲುಖೋಯ್ ಹಾಗೆಯೇ: ಸೂರ್ಯ ಮುಳುಗುವುದೂ ಇಲ್ಲ, ಕಾಣಿಸುವುದೂ ಇಲ್ಲ. ತೇಲುವ ಮಂಜುಗಡ್ಡೆಯ ಮೇಲಿಂದ ಎದ್ದ ಮಂಜು ವಾರಗಟ್ಟಲೆ ಒದ್ದೆ ಬಟ್ಟೆಯಂತೆ ದ್ವೀಪಕ್ಕೆ ಅಂಟಿಕೊಂಡಿರುತ್ತದೆ. ಆ ಮಂಜುಗಡ್ಡೆಗಳ ನಡುವೆ ದೋಣಿ ಇಳಿಸುವಂತಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಹಡಗು ಸೆಪ್ಟೆಂಬರ್‌ನಲ್ಲಿ ಬರಬೇಕು.

ಪೆಟ್ಟಿಗೆಯಲ್ಲಿ ಒಂಬತ್ತು ಬಲೂನುಗಳು ಉಳಿದಿದ್ದವು. ಮೂವತ್ತು ಮೀಟರಿನ ಕಂಬದ ತುದಿಯೇ ಕಾಣದಿದ್ದಾಗ ಬಲೂನು ಬಿಡುವುದು ದಂಡ. ಕಂಬದ ತುದಿ ಕಂಡಾಗ ಮಾತ್ರ ಬಿಡುವುದೆಂದು ತೈಸಿಯಾ ನಿಶ್ಚಯಿಸಿದಳು. ಎಣಿಸುವವನು ಹಾಸಿಗೆ ಹಿಡಿದಿದ್ದರಿಂದ ಗಡಿಯಾರ ಪ್ರೊಖೋರ್‌ನ ಕೈಗೆ ಬಂತು. ಪ್ರೊಖೋರ್ ಗಂಟಲು ಸರಿಮಾಡಿಕೊಂಡು ಜಾತ್ರೆಯಲ್ಲಿ ಕೂಗುವವನಂತೆ ಎಣಿಸುತ್ತಿದ್ದ. ರೊದಿಯೋನ್‌ನ ಹಾಸಿಗೆ ಅಂಗಳದ ಕಿಟಕಿಯ ಕೆಳಗೇ ಇತ್ತು.

ಬುಧವಾರದ ಮೊದಲ ಬಲೂನು ಹದಿನೆಂಟಕ್ಕೆ ಹೋಯಿತು. ತೈಸಿಯಾ ಒಳಗೆ ಬಂದಾಗ ಗಂಡ ಕಣ್ಣು ಮುಚ್ಚಿ ಮಲಗಿದ್ದ.

"ಹದಿನೆಂಟು," ಎಂದ, ಅವಳು ಬಾಯಿ ತೆರೆಯುವ ಮೊದಲೇ. "ಪ್ರೊಖೋರ್ ಅವಸರ ಮಾಡ್ತಾನೆ. ಸರಿಯಾಗಿ ಎಣಿಸಿದ್ರೆ ಹದಿನಾರೂವರೆ."

ಆಗ ಅವಳಿಗೆ ತಿಳಿಯಿತು: ಅವನಿಗೆ ಏನನ್ನೂ ಮುಚ್ಚಿಡುವಂತಿರಲಿಲ್ಲ. ಕಿಟಕಿಯಾಚೆ ಎಣಿಕೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯವರೆಗೆ ಅವನೂ ಹಾಸಿಗೆಯಲ್ಲಿ ತುಟಿಯಾಡಿಸುತ್ತ ಬರುತ್ತಿದ್ದ. ಅದು ನಿಂತಾಗ ಅವನೂ ನಿಲ್ಲುತ್ತಿದ್ದ.

ಎರಡನೆಯದು ಇಪ್ಪತ್ತೆರಡು. ಗುರುವಾರ ಬೆಳಿಗ್ಗೆಯದು ಇಪ್ಪತ್ತು. ಗುರುವಾರ ಮಧ್ಯಾಹ್ನ ಕಂಬದ ತುದಿಯ ಮೇಲೆ ಬೆಳ್ಳಗೆ ತೆಳುವಾದಂತೆ ಕಂಡು ಬಿಟ್ಟದ್ದು ಮೂವತ್ತೊಂದರವರೆಗೆ ಹೋಗಿ ಕರಗಿತು. ಪ್ರೊಖೋರ್ ಗಡಿಯಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅವಳ ಹತ್ತಿರ ಬಂದ. ಕಿಟಕಿಗೆ ಕೇಳಿಸದಂತೆ ಹೇಳಿದ:

"ತಾಸ್ಯಾ, ನಾನು ನಿಲ್ಲಿಸ್ದೇ ಇದ್ರೆ?"

"ಯಾರನ್ನ ಕೊಲ್ಲೋಕೆ?"

"ಯಾರನ್ನೂ ಅಲ್ಲ. ಒಬ್ಬನ್ನ ಉಳಿಸೋಕೆ. ಅವ್ದೆಯೆವ್ ಹಳೇ ನರಿ, ಕೆಳಗೆ ಬಂದು ತಾನೇ ನೋಡ್ಕೋತಾನೆ. ಆಗ್ದಿದ್ರೆ ವಾಪಸ್ ಹೋಗ್ತಾನೆ."

"ಮೇ ತಿಂಗಳಲ್ಲೂ ಅವನು ಕೆಳಗೆ ಬಂದು ನೋಡ್ಕೊಂಡ."

ಪ್ರೊಖೋರ್ ತಲೆ ತಗ್ಗಿಸಿದ. ತೈಸಿಯಾ ಅವನನ್ನು ಬೈಯಲಿಲ್ಲ. ಬೆಳಗಿನಿಂದ ಅದೇ ಯೋಚನೆ ಅವಳಿಗೂ ಐದು ಸಲ ಬಂದಿತ್ತು.

ಶುಕ್ರವಾರ ರೊದಿಯೋನ್‌ನ ನೋವು ಇದ್ದಕ್ಕಿದ್ದಂತೆ ನಿಂತುಹೋಯಿತು. ಅವನು ದಿಂಬಿಗೆ ಒರಗಿ ಕೂತ, ಮುಖ ತೊಳೆಸಿಕೊಂಡ, ಚಹಾ ಕೇಳಿದ.

"ಪ್ರೊಖೋರ್, ನಿನ್ನ ಮರಿ ಹಾರಿಹೋಯ್ತು ಕಣೋ. ಇನ್ನೆರಡು ಮೊಟ್ಟೆ ಬೇಯಿಸು."

ಪ್ರೊಖೋರ್ ಸೌಟು ಹಿಡಿದು ಕುಣಿದೇಬಿಟ್ಟ. ನಾಯಿ ಉಮ್ಕಾ ಅವನ ಕಾಲ ಸುತ್ತ ಬೊಗಳುತ್ತ ಸುತ್ತಿತು. ತೈಸಿಯಾ ಓಡಿಹೋಗಿ ರೇಡಿಯೋ ಕೋಣೆಯ ಬಾಗಿಲು ತೆರೆದಳು. ನಿಕಾನೋರ್ ಸಾವಿಚ್ ಬೆನ್ನು ಹಾಕಿ ಕೂತಿದ್ದ. ವೈದ್ಯೆಯ ಮಾತನ್ನು ಆಗಲೇ ಬರೆದುಕೊಂಡಿದ್ದ. ಕಾಗದವನ್ನು ಅಂಗೈಯಿಂದ ಮುಚ್ಚಿದ. ಅವಳು ಅವನ ಕೈಯನ್ನು ಎತ್ತಿ ಓದಿದಳು. ನೋವು ತಾನಾಗಿ ನಿಂತರೆ ಒಳಗೆ ಒಡೆದಿದೆ ಎಂದರ್ಥ. ಒಂದು ದಿನ, ಹೆಚ್ಚೆಂದರೆ ಎರಡು.

"ಅವನಿಗೆ ಚಹಾ ಬೇಕಂತೆ," ಎಂದಳು ತೈಸಿಯಾ.

"ತುಟಿ ಒದ್ದೆ ಮಾಡು, ಮಗಳೇ. ಅಷ್ಟೇ."

ಸಂಜೆಗೆ ಜ್ವರ ಏರಿತು. ಹೊಟ್ಟೆ ಹಲಗೆಯಂತಾಯಿತು. ಪ್ರೊಖೋರ್ ಬೇಯಿಸಿದ್ದ ಎರಡು ಮೊಟ್ಟೆಗಳು ಮೇಜಿನ ಮೇಲೆ ಹಾಗೆಯೇ ಉಳಿದವು.

ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಗಾಳಿ ತಿರುಗಿತು. ಈಶಾನ್ಯದಿಂದ ಒಣಗಾಳಿ ಬೀಸಿ ಮಂಜನ್ನು ಅಂಚು ಹಿಡಿದು ಎತ್ತಿದಂತೆ ಎತ್ತಿತು. ಮೊದಲು ಕಂಬದ ತುದಿ, ಆಮೇಲೆ ಗುಡ್ಡ, ಆಮೇಲೆ ಮರಳುದಿಣ್ಣೆಯ ಮೇಲಿನ ಇಳಿಯುವ ಪಟ್ಟಿ, ಕೊನೆಗೆ ಸಮುದ್ರ. ಹನ್ನೊಂದು ದಿನಗಳ ನಂತರ ನೆರಳು ಬಿತ್ತು. ತೈಸಿಯಾ ತನ್ನ ನೆರಳನ್ನೇ ತುಳಿಯುತ್ತ ಬಲೂನು ಹಿಡಿದು ಓಡಿದಳು. ನಾಲ್ಕು ದಿನಗಳಲ್ಲಿ ಆರು ಖರ್ಚಾಗಿದ್ದವು. ಇನ್ನು ಮೂರು ಉಳಿದಿದ್ದವು.

ಪ್ರೊಖೋರ್ ಎಣಿಸಿದ. ನಲವತ್ತು ದಾಟಿತು, ಐವತ್ತು ದಾಟಿತು. ಅರವತ್ತು ಎಂದಾಗ ಅವನ ದನಿ ಒಡೆಯಿತು. ಎಪ್ಪತ್ತನಾಲ್ಕಕ್ಕೆ ಬಲೂನು ಬಿಳಿಯ ಒಂದು ಚೂರಿನ ಹಿಂದೆ ಹೋಯಿತು. ಒಳಗಿನಿಂದ ರೊದಿಯೋನ್ ಕಿಟಕಿಯ ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿದ.

ನಿಕಾನೋರ್ ಸಾವಿಚ್ ಆ ಎಣಿಕೆಯನ್ನು ರೇಡಿಯೋದಲ್ಲಿ ನೆಲೆಗೆ ಕಳಿಸಿದ. ಉತ್ತರ ಕೂಡಲೇ ಬಂತು. ಮುದುಕ ಅದನ್ನು ಕೇಳಿ, ತೈಸಿಯಾ ಏಳು ವರ್ಷಗಳಲ್ಲಿ ಕೇಳದಿದ್ದ ಬೈಗುಳವೊಂದನ್ನು ಬೈದ.

"ಎರಡನೇ ಬಲೂನು ಕೇಳ್ತಾರೆ. ಒಂದು ಗಂಟೆ ಬಿಟ್ಟು."

"ಈಗ್ಲೇ ಬಿಡ್ತೀನಿ ಅಂತ ಹೇಳಿ! ಇನ್ನೊಂದು, ಈಗ್ಲೇ!"

"ಹೇಳ್ದೆ. ಗಂಟೆ ಅಂದ್ರೆ ಗಂಟೆ ಅಂತಾರೆ. ಗ್ಲುಖೋಯ್‌ಗೆ ಬೇರೆ ಕಟ್ಟಳೆ ಇದೆಯಂತೆ." ಅವನು ಮತ್ತೆ ಮೈಕಿನ ಮೇಲೆ ಬಾಗಿದ. ಸಾಯುತ್ತಿರುವವನಿದ್ದಾನೆ ಎಂದ, ಬಿಸಿಲಿದೆ ಎಂದ, ನಲವತ್ತು ವರ್ಷಗಳ ತನ್ನ ಹೆಸರನ್ನು ಮುಂದಿಟ್ಟ. ಆಚೆ ಕಡೆಯವನು ಕೇಳಿಸಿಕೊಂಡು ಹೇಳಿದ: ಅವ್ದೆಯೆವ್ ವಿಮಾನದ ಪಕ್ಕದಲ್ಲೇ ನಿಂತಿದ್ದಾನೆ, ಆ ಕೈ ಮುರಿದ ಹುಡುಗನೂ ಜೊತೆಗಿದ್ದಾನೆ. ಎರಡನೇ ಎಣಿಕೆ ಬರಲಿ, ಬಂದ ಕ್ಷಣ ಏಳುತ್ತೇವೆ.

ಆ ಒಂದು ಗಂಟೆಯಷ್ಟು ಒಳ್ಳೆಯ ಹವೆಯನ್ನು ಗ್ಲುಖೋಯ್ ಆ ಬೇಸಿಗೆಯಲ್ಲಿ ಕಂಡಿರಲಿಲ್ಲ. ಎಲ್ಲ ನಿಲ್ದಾಣಗಳಲ್ಲೂ ಕಥೆ ಹೇಳುವವರು ಇಲ್ಲಿ ಸ್ವಲ್ಪ ನಿಲ್ಲಿಸುತ್ತಾರೆ. ಪ್ರೊಖೋರ್ ಉಗ್ರಾಣದ ಬಾಗಿಲನ್ನು ಕಿತ್ತು ತಂದ. ರೊದಿಯೋನ್‌ನನ್ನು ಕುರಿಚರ್ಮದ ಕೋಟಿನಲ್ಲಿ ಸುತ್ತಿ ಅದರ ಮೇಲೆ ಮಲಗಿಸಿದರು. ಮುನ್ನೂರು ಹೆಜ್ಜೆ ಹೊತ್ತುಕೊಂಡು ಹೋಗಿ ಮರಳುದಿಣ್ಣೆಯ ಪಟ್ಟಿಯ ಪಕ್ಕ ಇಳಿಸಿದರು. ವಿಮಾನ ಬಂದಾಗ ಒಂದು ನಿಮಿಷವೂ ಹಾಳಾಗಬಾರದು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಮೂಗು ಚೂಪಾಗಿತ್ತು. ಬಿಸಿಲು ಬಿದ್ದಾಗ ಕಣ್ಣು ಕಿರಿದು ಮಾಡಿದ.

"ತಾಸ್ಯಾ. ಇದು ಆ ಈರುಳ್ಳಿಗೆ ತೆರೋ ಗಂಟೆ."

"ಸುಮ್ನಿರು."

"ನಿನ್ನ ಹಲ್ಲು ಗಟ್ಟಿಯಾದ್ವಲ್ಲ. ಎಲ್ಲಿ, ತೋರ್ಸು."

ಅವಳು ಬಾಗಿ ಹಲ್ಲು ಕಿರಿದು ತೋರಿಸಿದಳು. ಅವನು ನೋಡಿ, ಲೆಕ್ಕ ಸರಿಯಿದೆ ಎನ್ನುವಂತೆ ತಲೆಯಾಡಿಸಿದ.

ಎರಡು ಗಂಟೆಗೆ ಎರಡನೆಯ ಬಲೂನು ತೊಂಬತ್ತಕ್ಕೂ ಕಾಣಿಸುತ್ತಿತ್ತು. ಎರಡು ಗಂಟೆ ನಾಲ್ಕು ನಿಮಿಷಕ್ಕೆ ಅವ್ದೆಯೆವ್ ನೆಲ ಬಿಟ್ಟ. ದಾರಿ ಒಂದು ಗಂಟೆ ಹತ್ತು ನಿಮಿಷದ್ದು.

ಎರಡೂಮುಕ್ಕಾಲಿಗೆ ಗಾಳಿ ನಿಂತಿತು. ತೈಸಿಯಾಳ ಕೆನ್ನೆಗೆ ಅದು ತಿಳಿಯಿತು. ಅವಳು ತಿರುಗಿ ನೋಡಲಿಲ್ಲ. ಆಮೇಲೆ ನೋಡಿದಳು. ಉತ್ತರದ ಅಂಚಿನಲ್ಲಿ, ಮಂಜುಗಡ್ಡೆಗಳ ಮೇಲೆ, ಬೆಳ್ಳನೆಯ ಒಂದು ಗೆರೆ ಇತ್ತು. ನೋಡುತ್ತಿದ್ದಂತೆ ಅದು ದಪ್ಪವಾಯಿತು; ಒಲೆಯ ಮೇಲಿನ ಹಾಲು ಅಂಚಿಗೆ ಬಂದಂತೆ ದ್ವೀಪದ ಅಂಚಿಗೆ ಬಂದು, ಉಕ್ಕಿ, ಗುಡ್ಡವನ್ನು ನುಂಗಿತು. ಪ್ರೊಖೋರ್ ಎರಡೂ ಕೈಗಳನ್ನು ಮುಂದೆ ಚಾಚಿ ಅದನ್ನು ತಳ್ಳುವವನಂತೆ ನಿಂತಿದ್ದ. ಹಾಗೆ ನಿಂತಿದ್ದೇನೆಂಬುದು ಅವನಿಗೇ ತಿಳಿದಿರಲಿಲ್ಲ.

ಉಮ್ಕಾ ಕಿವಿ ನಿಮಿರಿಸಿ ದಕ್ಷಿಣದ ಕಡೆ ನೋಡಿತು. ಅದಾಗಿ ಸ್ವಲ್ಪ ಹೊತ್ತಿಗೆ ಅವರಿಗೂ ಕೇಳಿಸಿತು. ವಿಮಾನದ ಸದ್ದು.

ನಿಕಾನೋರ್ ಸಾವಿಚ್ ರೇಡಿಯೋ ಕೋಣೆಯ ಬಾಗಿಲಿಂದ ಕೂಗಿದ: "ಎತ್ತರ ಕೇಳ್ತಾನೆ! ಬಿಡಿ!"

ಕೊನೆಯ ಬಲೂನನ್ನು ತೈಸಿಯಾ ಬಾಗಿಲ ಮೇಲೆ ಮಲಗಿದ್ದ ಗಂಡನ ಪಕ್ಕದಿಂದಲೇ ಬಿಟ್ಟಳು. ಪ್ರೊಖೋರ್ ಎಣಿಸಿದ. ಸದ್ದು ಈಗ ನೆತ್ತಿಯ ಮೇಲೆಯೇ ಇತ್ತು. ಎಣಿಕೆ ಅದರೊಳಗೆ ಮುಳುಗಿ ಮುಳುಗಿ ಏಳುತ್ತಿತ್ತು. ಇಪ್ಪತ್ತನಾಲ್ಕಕ್ಕೆ ಕೆಂಪು ಮಸುಕಾಗಿ, ಬಿಳಿಯಾಗಿ, ಇಲ್ಲವಾಯಿತು.

ತೈಸಿಯಾ ಬಾಯಿ ತೆರೆಯಲಿಲ್ಲ.

"ಇಪ್ಪತ್ತೈದು," ಎಂದ ಪ್ರೊಖೋರ್, ಅವಳ ಮುಖವನ್ನೇ ನೋಡುತ್ತ. "ಇಪ್ಪತ್ತಾರು. ಇಪ್ಪತ್ತೇಳು." ಅವನ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ನಿಲ್ಲಲಿಲ್ಲ. "ಇಪ್ಪತ್ತೆಂಟು."

"ಪ್ರೊಖೋರ್," ಎಂದ ರೊದಿಯೋನ್ ಕೆಳಗಿನಿಂದ. "ಎಣಿಸೋದು ನನ್ನ ಕೆಲ್ಸ ಕಣೋ. ನನಗೂ ಒಂದು ಜೊತೆ ಕಣ್ಣಿದೆ."

ಪ್ರೊಖೋರ್ ನಿಲ್ಲಿಸಿದ.

ತೈಸಿಯಾ ಓಡಿದಳು. ಆ ಮುನ್ನೂರು ಹೆಜ್ಜೆಗಳಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತೆಂದು ಹೇಳುವವರು ಹಲವರಿದ್ದಾರೆ. ಅವಳು ತಾನಾಗಿ ಹೇಳಿದ್ದನ್ನು ಕೇಳಿದವರು ಯಾರೂ ಇಲ್ಲ. ಅವಳು ಬಾಗಿಲಿಗೆ ಬಂದಾಗ ನಿಕಾನೋರ್ ಸಾವಿಚ್ ಒಂದು ಕೈಯಲ್ಲಿ ಮೈಕನ್ನು ಮುಚ್ಚಿ ಹಿಡಿದು ಕಾದಿದ್ದ. ಎಣಿಕೆ ನಿಂತದ್ದು ಇಲ್ಲಿಗೆ ಕೇಳಿಸಿರಲಿಲ್ಲ.

"ಎಷ್ಟು?"

ಅವಳಿಗೆ ಉಸಿರು ಸಿಗಲಿಲ್ಲ.

"ನಿಧಾನ ಹೇಳು, ಮಗಳೇ," ಎಂದ ಮುದುಕ. "ನೀನು ಏನು ಹೇಳ್ತೀಯೋ ಅದನ್ನೇ ಹೇಳ್ತೀನಿ. ಒಂದಕ್ಷರ ಕೇಳಲ್ಲ."

ಮೇಲೆ ಸದ್ದು ಗುಡ್ಡದ ಕಡೆ ಹೋಗಿ ತಿರುಗಿ ಬಂತು. ಗೋಡೆಯ ಮೇಲಿನ ತಟ್ಟೆ ನಡುಗಿತು. ಆ ಸದ್ದಿನೊಳಗೆ ಇಬ್ಬರು ಕೂತಿದ್ದರು.

"ಇಪ್ಪತ್ತನಾಲ್ಕು," ಎಂದಳು ತೈಸಿಯಾ. "ಅರವತ್ತು ಮೀಟರು. ಪಟ್ಟಿ ಕಾಣಲ್ಲ."

ಅವನು ಹಾಗೆಯೇ ಹೇಳಿದ. ಗೊರಗುಟ್ಟುವ ಪೆಟ್ಟಿಗೆಯೊಳಗಿಂದ ಅವ್ದೆಯೆವ್‌ನ ದನಿ ಬಂತು: "ಎಣಿಸಿದ್ದು ಯಾರು?"

"ಪ್ರೊಖೋರ್. ನೋಡಿದ್ದು ತೈಸಿಯಾ."

ಪೆಟ್ಟಿಗೆ ಮತ್ತೆ ಗೊರಗುಟ್ಟಿತು. "ನಂಬ್ತೀನಿ," ಎಂದಿತು. "ನಂಬ್ತೀನಿ ಅಂತ ಅವರಿಗೆ ಹೇಳಿ. ಎಣ್ಣೆ ಇರೋವರೆಗೂ ಸುತ್ತುತ್ತೀನಿ."

ಮೂವತ್ತೈದು ನಿಮಿಷ ಸುತ್ತಿದ. ಹತ್ತಿರ ಬಂದಾಗಲೆಲ್ಲ ಉಮ್ಕಾ ಮಂಜಿನ ಕಡೆ ಮುಖವೆತ್ತಿ ಬೊಗಳುತ್ತಿತ್ತು. ದೂರ ಹೋದಾಗ ಅವರ ಮುಖ ನೋಡುತ್ತಿತ್ತು. ಎರಡು ಸಲ ಸದ್ದು ಕೆಳಗೆ, ಇನ್ನೂ ಕೆಳಗೆ ಇಳಿದು, ಪ್ರೊಖೋರ್ ಬೇಡ ಬೇಡ ಎಂದು ಕೂಗುತ್ತಿದ್ದಂತೆ ಮತ್ತೆ ಮೇಲೇರಿತು. ಕೊನೆಗೆ ಅವ್ದೆಯೆವ್ ಹೇಳಿದ: ಒಂದು ಚೀಲ ಬಿಡುತ್ತಿದ್ದೇನೆ, ಔಷಧಿ ಇದೆ, ಅಂದಾಜಿನ ಮೇಲೆ ಬಿಡುತ್ತಿದ್ದೇನೆ, ಹುಡುಕಿಕೊಳ್ಳಿ. ಆಮೇಲೆ ಸದ್ದು ದಕ್ಷಿಣಕ್ಕೆ ತಿರುಗಿತು. ಕೇಳಿಸುವುದು ಎಲ್ಲಿ ನಿಂತಿತು, ಕೇಳಿಸಿದಂತಾಗುವುದು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಅದು ಮುಗಿಯಿತು.

ತೈಸಿಯಾ, ಪ್ರೊಖೋರ್ ಇಬ್ಬರೂ ರೊದಿಯೋನ್ ಮಲಗಿದ್ದ ಬಾಗಿಲನ್ನು ಎತ್ತಿಕೊಂಡು ಮನೆಗೆ ಮರಳಿದರು. ಮೂರು ಗಂಟೆಯ 'ಹೊತ್ತು' ತಪ್ಪಿಹೋಗಿತ್ತು. ಏಳು ವರ್ಷಗಳಲ್ಲಿ ಅದೊಂದೇ. ಆರು ಗಂಟೆಯದನ್ನು ತೈಸಿಯಾ ತಪ್ಪಿಸಲಿಲ್ಲ.

ಭಾನುವಾರ ಬೆಳಿಗ್ಗೆ ರೊದಿಯೋನ್‌ಗೆ ಎಚ್ಚರವಿತ್ತು. ಮಂಜು ಕಿಟಕಿಯ ಗಾಜಿಗೆ ಒರಗಿ ನಿಂತಿತ್ತು. ಪ್ರೊಖೋರ್ ನಾಯಿಯನ್ನು ಕರೆದುಕೊಂಡು ಚೀಲ ಹುಡುಕಲು ಮತ್ತೆ ಹೋಗಿದ್ದ. ನಿಕಾನೋರ್ ಸಾವಿಚ್ ರೇಡಿಯೋದ ಮುಂದೆ ಕೂತಿದ್ದ, ಕೇಳುವುದಕ್ಕೆ ಏನೂ ಇಲ್ಲದಿದ್ದರೂ. ತೈಸಿಯಾ ಹಾಸಿಗೆಯ ಅಂಚಿನಲ್ಲಿ ಕೂತು ಗಂಡನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು, ಒದ್ದೆಯಿತ್ತು.

"ಬಲೂನು ಉಳಿದಿದ್ಯಾ?" ಎಂದ.

"ಇಲ್ಲ."

"ಹಾಗಾದ್ರೆ ಸುಮ್ನೆ ನೋಡು. ನಾನು ಎಣಿಸ್ತೀನಿ."

"ಏನನ್ನ ನೋಡ್ಲಿ, ರೋದ್ಯಾ?"

ಅವನು ಎಣಿಸತೊಡಗಿದ. ದೊಡ್ಡ ದನಿ ಎಲ್ಲಿಗೋ ಹೋಗಿ ತುಟಿಗಳಷ್ಟೇ ಉಳಿದಿದ್ದವು, ಆದರೂ ಅವಸರ ಮಾಡಲಿಲ್ಲ. ಸೆಕೆಂಡಿಗೆ ಒಂದರಂತೆ, ಅಳತೆ ತಪ್ಪದೆ ಎಣಿಸಿದ. ಅವಳು ಅವನ ಮುಖವನ್ನು ನೋಡುತ್ತಿದ್ದಳು. ರೆಪ್ಪೆ ಬಡಿಯಲಿಲ್ಲ.

ಎಣಿಕೆ ಎಷ್ಟಕ್ಕೆ ನಿಂತಿತು ಎಂಬುದರ ಮೇಲೆ ಆ ದಡದಲ್ಲಿ ಇಂದಿಗೂ ವಾದವಿದೆ. ಮೂವತ್ತೆಂಟು ಎನ್ನುವವರಿದ್ದಾರೆ, ಅರವತ್ತು ದಾಟಿತ್ತು ಎನ್ನುವವರೂ ಇದ್ದಾರೆ. ಎರಡನ್ನೂ ನಂಬುವಂತಿಲ್ಲ, ಏಕೆಂದರೆ ಆ ಕೋಣೆಯಲ್ಲಿ ತೈಸಿಯಾಳ ಹೊರತು ಯಾರೂ ಇರಲಿಲ್ಲ. "ಹೋಯ್ತು" ಎಂದು ಅವಳು ಅಂದಳೋ ಇಲ್ಲವೋ, ಅದೂ ಯಾರಿಗೂ ಗೊತ್ತಿಲ್ಲ.

ಹನ್ನೊಂದೂವರೆಗೆ ಪ್ರೊಖೋರ್ ಚೀಲ ಹೊತ್ತು ಬಂದ. ಉಮ್ಕಾ ಅದನ್ನು ಗುಡ್ಡದಾಚೆಯ ಕೆಸರಿನಲ್ಲಿ ಹುಡುಕಿ ತೆಗೆದಿತ್ತು. "ತಾಸ್ಯಾ, ಸಿಕ್ತು!" ಎನ್ನುತ್ತ ಬಾಗಿಲು ನೂಕಿ, ಅಲ್ಲೇ ನಿಂತುಬಿಟ್ಟ. ಚೀಲದಲ್ಲಿ ಹತ್ತಿಯಲ್ಲಿ ಸುತ್ತಿದ ಔಷಧಿಯ ಸೀಸೆಗಳಿದ್ದವು. ಎರಡು ಮಾತ್ರ ಒಡೆದಿದ್ದವು. ಅವು ಒಡೆಯದಿರಲೆಂದು ಸುತ್ತಲೂ ತುಂಬಿದ್ದದ್ದು ಈರುಳ್ಳಿ. ಅವ್ದೆಯೆವ್ ಅದನ್ನು ಬೇಕೆಂದೇ ತುಂಬಿದನೋ, ಕೈಗೆ ಸಿಕ್ಕಿದ್ದನ್ನು ತುಂಬಿದನೋ, ಅವನನ್ನು ಕೇಳುವ ಧೈರ್ಯ ಯಾರೂ ಮಾಡಿಲ್ಲ.

ಹನ್ನೆರಡು ಗಂಟೆಗೆ ಐದು ನಿಮಿಷವಿದ್ದಾಗ ತೈಸಿಯಾ ಕೋಟು ಹಾಕಿಕೊಂಡಳು.

"ನಾನು ಹೋಗ್ತೀನಿ, ಮಗಳೇ," ಎಂದ ನಿಕಾನೋರ್ ಸಾವಿಚ್. "ಇವತ್ತೊಂದು ದಿನ ಬಿಡು."

"ನಿಮ್ಮ ಕಣ್ಣು ಮಂಜು, ನಿಕಾನೋರ್ ಸಾವಿಚ್. ಒಂದು ಹೋಗಿ ಇನ್ನೊಂದು ಬರೀತೀರಿ."

ಅವಳು ಹೊರಗೆ ಹೋಗಿ ಥರ್ಮಾಮೀಟರನ್ನು ನೋಡಿದಳು, ಗಾಳಿಯನ್ನು ನೋಡಿದಳು. ಕಂಬದ ಕೆಳಗೆ ನಿಂತು ತಲೆಯೆತ್ತಿದಳು. ಅರ್ಧದಿಂದ ಮೇಲಕ್ಕೆ ಕಂಬ ಇರಲಿಲ್ಲ. ಪುಸ್ತಕದಲ್ಲಿ ಮೋಡದ ಎತ್ತರದ ಕಾಲಮಿನಲ್ಲಿ ಹದಿನೈದು ಮೀಟರು ಎಂದು ಬರೆದಳು. ಬಲೂನು ಇಲ್ಲದ್ದರಿಂದ ಪಕ್ಕದಲ್ಲಿ, ನಿಯಮದಂತೆ, 'ಕಣ್ಣಂದಾಜು' ಎಂದು ಸೇರಿಸಿದಳು.